ರೇವದಂಡೆಯಲ್ಲಿ ಭರ್ತಿ

ನಮ್ಮ ಮನೆಯವರಿಗೆ ಸುಮ್ಮನೆ ಕೂಡಲು ಬರುವುದಿಲ್ಲ. ಊಟಕ್ಕೆ ಕುಳಿತಾಗಲೂ ಎಡಗೈಯ ಬೆರಳುಗಳು ಇಲ್ಲದ ದಾರಕ್ಕೆ ಗಂಟು ಹಾಕುತ್ತಿರುತ್ತವೆ. ಹೆಸರು ಸಾತಲಿಂಗಪ್ಪ. ಗಂಡನ ಹೆಸರು ಬಾಯಿಂದ ಹೇಳುವ ಹಾಗಿಲ್ಲ, ಬರೆಯಲಿಕ್ಕೆ ಅಡ್ಡಿಯಿಲ್ಲ ಎಂದುಕೊಂಡಿದ್ದೇನೆ. ಹದಿನಾಲ್ಕನೆಯ ವಯಸ್ಸಿಗೆ ಸೊಲ್ಲಾಪುರದ ಗಿರಣಿ ಸೇರಿದವರು, ಮಗ್ಗಗಳ ಖಾತೆಯಲ್ಲಿ ಬೆಳೆದವರು. ಮಗ್ಗ ಕೆಟ್ಟರೆ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾರೆ. ಇರುವ ದೋಷ ಒಂದೇ. ಗೊತ್ತಾಗದ ಮಾತನ್ನು ಇನ್ನೊಮ್ಮೆ ಕೇಳುವುದಿಲ್ಲ, ಅದರಲ್ಲೂ ಮರಾಠಿ ಮಾತನ್ನು. ಮನೆಯಲ್ಲಿ ಕನ್ನಡ, ಖಾತೆಯಲ್ಲಿ ಮರಾಠಿ ಎಂದು ಬೆಳೆದ ಅವರಿಗೆ ತಮ್ಮ ಮರಾಠಿಯ ಮೇಲೆ ದೊಡ್ಡ ಅಭಿಮಾನ. ಅದಕ್ಕೆ ಯಾರಾದರೂ ನಕ್ಕರೆ ಎರಡು ದಿನ ಅನ್ನ ಸೇರುವುದಿಲ್ಲ.

ಗಿರಣಿಯ ಸಂಪು ಮುಗಿದ ಮೇಲೆ ಅವರ ಕಾಯಂ ಮಗ್ಗ ಹೋಯಿತು, ಬದಲಿ ಆಳಾದರು. ನಸುಕಿನಲ್ಲಿ ಭೋಂಗಾ ಕೂಗುವ ಮೊದಲೇ ಗಿರಣಿಯ ಬಾಗಿಲಲ್ಲಿ ನಿಲ್ಲಬೇಕು. ಆಳು ಆರಿಸುವ ಮೇಸ್ತ್ರಿ, ಜಾಬರ, ಬಂದು ಗುಂಪಿನಲ್ಲಿ ಬೆರಳು ತೋರಿಸಿ ಬೇಕಾದವರನ್ನು ಒಳಗೆ ತೆಗೆದುಕೊಳ್ಳುತ್ತಾನೆ. ಹಾಗೆ ತೆಗೆದುಕೊಳ್ಳುವುದಕ್ಕೆ ನಮ್ಮಲ್ಲಿ ಭರ್ತಿ ಅನ್ನುತ್ತಾರೆ. ಒಂದು ದಿನ ಭರ್ತಿ, ಮೂರು ದಿನ ವಾಪಸು. ವಾಪಸು ಬಂದ ದಿನ ಇವರು ಮನೆಯೊಳಗೆ ಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಬಾಗಿಲಿಗೆ ತಿರುಗುತ್ತಿದ್ದರು. ಎಂಟು ತಿಂಗಳ ಕೂಸು ತೊಟ್ಟಿಲಿಂದ ಅವರನ್ನೇ ನೋಡಿ ಕತ್ತು ತಿರುಗಿಸುವುದನ್ನು ಕಲಿಯಿತು.

ಅಷ್ಟರಲ್ಲಿ ಗೆಳೆಯರೊಬ್ಬರು ಸುದ್ದಿ ತಂದರು. ಕೊಂಕಣದ ರೇವದಂಡೆಯಲ್ಲಿ ಒಬ್ಬ ಶೇಟ್ ಹನ್ನೆರಡು ಮಗ್ಗ ಹಾಕುತ್ತಿದ್ದಾನೆ, ಮಗ್ಗ ಬಲ್ಲ ಒಬ್ಬ ಮನುಷ್ಯ ಬೇಕು, ಇರಲಿಕ್ಕೆ ಮನೆಯನ್ನೂ ಕೊಡುತ್ತಾನೆ ಎಂದು. ಇವರು ಅಂದೇ ಗಂಟು ಕಟ್ಟಲು ಕುಳಿತರು. ಊರು ನೋಡದೆ ಹೂಂ ಅನ್ನುವುದಿಲ್ಲ, ನಾನೂ ಬರುತ್ತೇನೆ ಎಂದೆ. ಎಂಟು ದಿನ ಬಾಗಿಲಿಗೆ ಹೋಗದಿದ್ದರೆ ಬದಲಿ ಯಾದಿಯಿಂದ ಹೆಸರು ತೆಗೆಯುತ್ತಿದ್ದರು. ಹಾಗಾಗಿ ಹೋಗಿ ಬರಲು ಒಂದೇ ವಾರ. ಅಕ್ಕಲಕೋಟೆಯಿಂದ ಕಳಿಸಲು ಬಂದಿದ್ದ ನಮ್ಮವ್ವ ಕಲ್ಯಾಣಮ್ಮ, ನಾನು ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳ ಗಂಟು ನೋಡಿ, “ಎಲ್ಲಾ ಕಟ್ಟಕೊಂಡಿ, ಉಪ್ಪೊಂದ ಬಿಟ್ಟು ಹೋಗವಾ. ಅಲ್ಲಿ ಬೇಕಾದಷ್ಟು ಅದಂತ,” ಎಂದಳು. ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ.

ಸೋಮವಾರ ಆಗಬೋಟಿಯಿಂದ ಇಳಿದೆವು. ಊರೆಲ್ಲ ಹಳೆಯ ಪೋರ್ತುಗೀಜರ ಗೋಡೆಯೊಳಗಿದೆ. ನಮ್ಮ ಸೊಲ್ಲಾಪುರದ ಕಿಲ್ಲೆಯ ಗೋಡೆಗೆ ಕೆರೆ ತಾಗಿದ್ದರೆ ಇಲ್ಲಿಯ ಗೋಡೆಗೆ ಸಮುದ್ರವೇ ತಾಗಿದೆ. ಗೋಡೆಯ ಬಿರುಕಿನಲ್ಲಿ ಆಲದ ಬೇರು, ಒಳಗೆ ತೆಂಗಿನ ತೋಟಗಳು. ಸಾವಿತ್ರಿಬಾಯಿ ಎಂಬ ತೋಟದ ಮನೆಯ ಮುದುಕಿ ತನ್ನ ಪಡಸಾಲೆ ಬಿಟ್ಟುಕೊಟ್ಟಳು. ಒಳ್ಳೆಯ ಹೆಂಗಸು, ಆದರೆ ಅವಳ ಮರಾಠಿ ಮೂಗಿನಿಂದ ಬರುತ್ತಿತ್ತು, ನನಗೆ ಅರ್ಧ ತಿಳಿಯುತ್ತಿತ್ತು. ಬಾವಿಯ ನೀರು ಸಪ್ಪೆಯೂ ಅಲ್ಲ, ಉಪ್ಪೂ ಅಲ್ಲ. ಬೇಳೆ ಬೇಯುತ್ತಿರಲಿಲ್ಲ. ಗಾಳಿಯಲ್ಲಿ ಒಣಮೀನಿನ ವಾಸನೆ. ಕೂಸಿನ ಕುತ್ತಿಗೆಯಲ್ಲಿ ಎರಡೇ ದಿನಕ್ಕೆ ಕೆಂಪು ಗುಳ್ಳೆ ಎದ್ದವು. ಹಗಲೆಲ್ಲ ಸಮುದ್ರದ ಸದ್ದು. ಇವರು ಅದನ್ನು ಕೇಳಿ, ಚಹಾಕ್ಕೂ ನಿಲ್ಲದ ಮಗ್ಗ ಇದು ಎಂದರು. ನನಗೆ ಅಲ್ಲಿ ಬದುಕುವುದು ಬೇಡವೆಂದು ಮಂಗಳವಾರವೇ ಅನ್ನಿಸಿತು.

ಅದೇ ಮಂಗಳವಾರ ಇವರು ಖಾಡಿಯ, ಅಂದರೆ ಅಳಿವೆಯ, ಕಡೆಗಿನ ಕೋಟೆಬಾಗಿಲ ಹತ್ತಿರವಿದ್ದ ಶೇಟ್‌ರ ವಖಾರಿಗೆ ಹೋಗಿ ಬಂದರು. ಶೇಟ್‌ರ ಮನೆ ಖಾಡಿಯ ಆಚೆ ದಂಡೆಗೆ. ಕಾರಕೂನ ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ “ಭರತೀಲಾ ಯಾ” ಎಂದನಂತೆ. ಭರ್ತಿಗೆ ಬರ್ರಿ. ಇವರಿಗೆ ಅದಕ್ಕಿಂತ ಸರಳ ಮಾತು ಬೇಕಿರಲಿಲ್ಲ. ಯಾವ ಹೊತ್ತಿಗೆ ಎಂದು ಕೇಳಿದಿರಾ ಎಂದೆ. ಭರ್ತಿ ಯಾವ ಹೊತ್ತಿಗೆ ಆಗುತ್ತದೆಂದು ಗಿರಣಿಯ ಆಳಿಗೆ ಕೇಳಿ ತಿಳಿಯಬೇಕೇ ಎಂದರು.

ಬುಧವಾರ ನಸುಕಿನಲ್ಲಿ ಸ್ನಾನ ಮಾಡಿ, ವಿಭೂತಿ ಧರಿಸಿ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಹೋಗಿ ವಖಾರಿಯ ಮುಂದೆ ನಿಂತರು. ಹತ್ತು ಗಂಟೆಗೆ ಬಂದರು. ಒಬ್ಬ ಆಳೂ ಇರಲಿಲ್ಲ, ಪೈಪೋಟಿಯೇ ಇಲ್ಲ ಎಂದು ಹಿಗ್ಗಿದ್ದರು. ಗುರುವಾರ ಮತ್ತೆ ಹಾಗೆಯೇ ನಿಂತು, ಕೊನೆಗೆ ಕಾರಕೂನನನ್ನು ಭರ್ತಿ ಆಯಿತೇ ಎಂದು ಕೇಳಿದರಂತೆ. ರಾತ್ರಿಯೇ ಆಯಿತಲ್ಲ ಎಂದನಂತೆ ಅವನು.

“ರಾತ್ರಿ ಭರ್ತಿ ಮಾಡತಾರಂತ,” ಎಂದರು ಮನೆಗೆ ಬಂದು, ಕೋಟು ಬಿಚ್ಚದೆ. “ಕದ್ದು ಮಾಡೋದು ಏನ ಅದ ಇದರಾಗ?”

ಅಲ್ಲಿಯ ಮೀನುಗಾರರು ಇವರನ್ನು ಗುರುತಿಟ್ಟುಕೊಂಡಿದ್ದರು. ನೀರು ಹಿಂದೆ ಸರಿದು ಬರೀ ಕೆಸರು ಕಾಣುವ ಹೊತ್ತಿಗೆ ಕೋಟು ಹಾಕಿಕೊಂಡು ದೋಣಿ ಕಾಯುವ ಮನುಷ್ಯ ಎಂದು ನಗುತ್ತಿದ್ದರೆಂದು ಸಾವಿತ್ರಿಬಾಯಿ ಹೇಳಿದಳು. ಅರ್ಧ ತಿಳಿಯಿತು, ಅರ್ಧ ಬಿಟ್ಟೆ.

ಶುಕ್ರವಾರವೂ ಇವರು ನಸುಕಿಗೆ ಹೋಗಿ ಹತ್ತಕ್ಕೆ ಬಂದು, ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಕೂಸಿನ ಬಟ್ಟೆ ಒಗೆದು, ಕೋಟೆಯ ಹೊರಗಿನ ಬಂಡೆಗಳ ಮೇಲೆ ಹರವಿ, ಕೂಸನ್ನು ಎತ್ತಿಕೊಂಡು ನೆರಳಿಗೆ ಕುಳಿತಿದ್ದೆ. ಮಧ್ಯಾಹ್ನವಾಗುತ್ತ ಬಂದಿತ್ತು. ಸಾವಿತ್ರಿಬಾಯಿ ಬಾಗಿಲಿಂದ ಕೂಗಿದಳು, “ಅಗ, ಕಪಡೆ ಉಚಲ, ಭರತಿ ಆಲಿ!”

ಬಟ್ಟೆ ತೆಗಿ, ಭರ್ತಿ ಬಂತು ಎಂದು. ನಾನು ಬಂಡೆ ಬಿಟ್ಟು ದಾರಿಯ ಕಡೆ ನೋಡಿದೆ, ಜನ ಬರುತ್ತಿದ್ದಾರೆಂದು. ದಾರಿ ಖಾಲಿ ಇತ್ತು. ತಿರುಗಿ ನೋಡುವಷ್ಟರಲ್ಲಿ ಒಂದು ದುಪಟಿ ನೀರಿನಲ್ಲಿ ತೇಲುತ್ತಿತ್ತು. ಬೆಳಿಗ್ಗೆ ಕೆಸರಿದ್ದಲ್ಲಿ ಮೊಣಕಾಲುದ್ದ ನೀರು. ಖಾಡಿಯಲ್ಲಿ ದೋಣಿಗಳು ಎದ್ದು ನಿಂತಿದ್ದವು. ದುಪಟಿ ಹಿಂಡುತ್ತ ಮುದುಕಿಯನ್ನು ಕೇಳಿ ಕೇಳಿ ತಿಳಿದುಕೊಂಡೆ. ಅವಳಿಗೆ ಭರತಿ ಎಂದರೆ ಸಮುದ್ರ ಏರುವುದು. ದಿನಕ್ಕೆ ಎರಡು ಸಲ ಏರುತ್ತದೆ, ಒಂದು ದಿನಕ್ಕಿಂತ ಮರುದಿನ ಮುಕ್ಕಾಲು ಗಂಟೆ ತಡವಾಗಿ. ಆಚೆ ದಂಡೆಯ ದೋಣಿಗಳು ಆಗಲೇ ಈಚೆ ಬರಲು ಸಾಧ್ಯ. ಶೇಟ್ ಬರುವುದೂ ಆಗಲೇ.

ಇವರು ನೂರು ಹೆಜ್ಜೆ ದೂರದಲ್ಲಿ ಮಲಗಿದ್ದರು. ಎಬ್ಬಿಸಿದ್ದರೆ ಕೋಟು ಹಾಕಿಕೊಂಡು ಹೋಗುವಷ್ಟು ಹೊತ್ತಿತ್ತು. ನಾನು ಬಟ್ಟೆಗಳನ್ನು ಒಂದೊಂದಾಗಿ ಮಡಿಚಿದೆ. ಕೂಸಿನ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಇನ್ನು ಎರಡು ದಿನ, ಭಾನುವಾರ ಬೋಟಿ, ಆಮೇಲೆ ನಮ್ಮ ಓಣಿ, ನಮ್ಮ ನೀರು, ಅಕ್ಕಲಕೋಟೆಯಲ್ಲಿ ಅವ್ವ. ಹಾಗೆ ಅಂದುಕೊಳ್ಳುತ್ತ ಎಣ್ಣೆ ಇಂಗುವವರೆಗೂ ತಿಕ್ಕಿದೆ. ನೀರು ಇಳಿಯಿತು.

ಶನಿವಾರ ಇವರು ನಸುಕಿಗೆ ಏಳಲಿಲ್ಲ. ಊಟಕ್ಕೆ ಕುಳಿತಾಗ ರೊಟ್ಟಿ ಮುರಿದು ಹಾಗೆಯೇ ಇಟ್ಟರು. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

“ನನ್ನ ಕೈಯಾಗ ಹುನ್ನರ ಇಲ್ಲಂತ ಅವರಿಗೆ ದೂರದಿಂದನ ಗೊತ್ತಾಗಿರಬೇಕು,” ಎಂದರು. “ಸೊಲ್ಲಾಪುರದಾಗ ಜಾಬರಗೂ ಗೊತ್ತಾಗೇದ. ನನಗಷ್ಟ ಗೊತ್ತಿರಲಿಲ್ಲ.”

ಆ ಕೈಯನ್ನು ನೋಡಿ ನನಗೆ ತಡೆಯಲಾಗಲಿಲ್ಲ. “ಏನ್ರಿ, ಇಲ್ಲಿ ಭರ್ತಿ ಅಂದರ ನೀರು ಏರೂದಂತ್ರಿ,” ಎಂದೆ. ಮುದುಕಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ತಾಟನ್ನು ಪಕ್ಕಕ್ಕೆ ಸರಿಸಿದರು. ನಗುತ್ತಾರೇನೋ ಎಂದುಕೊಂಡೆ.

“ನಿನಗ ಯಾವಾಗ ಗೊತ್ತಾತು?”

“ನಿನ್ನಿ.”

ಕೈತೊಳೆದು ಎದ್ದರು. ಕೋಟಿನ ಗುಂಡಿ ಹಾಕದೆಯೇ ಹೋದರು.

ಸಂಜೆ ಬಂದು ಕೂಸನ್ನು ಎತ್ತಿಕೊಂಡು ಕುಳಿತ ಮೇಲೆ ಹೇಳಿದರು. ಶೇಟ್ ಸಿಕ್ಕರು, ಒಳ್ಳೆಯ ಮನುಷ್ಯ. ಕೆಟ್ಟು ಕೂತಿದ್ದ ಒಂದು ಮಗ್ಗ ತೋರಿಸಿದರು. ಇವರು ಅರ್ಧ ಗಂಟೆಯಲ್ಲಿ ನಡೆಸಿ ತೋರಿಸಿದರು. ಶೇಟ್ ಬೆನ್ನು ತಟ್ಟಿದರು. ಆದರೆ ಭಿವಂಡಿಯ ಒಬ್ಬನಿಗೆ ಹಿಂದಿನ ದಿನ ಮಧ್ಯಾಹ್ನವೇ ಮಾತು ಕೊಟ್ಟಾಗಿತ್ತು. ಒಂದು ದಿನ ಮೊದಲು ಬರಬಾರದಿತ್ತೇ ಎಂದರಂತೆ.

“ನೀವೇನ ಅಂದ್ರಿ?”

“ಏನ ಅನ್ನಲಿ. ದಾರಿ ತಪ್ಪಿತು ಅಂದೆ.” ಕೂಸಿನ ಕುತ್ತಿಗೆ ನೋಡಿದರು. “ಗುಳ್ಳಿ ಕಡಿಮಿ ಆಗ್ಯಾವ.”

ಭಾನುವಾರ ಬೋಟಿ ಹತ್ತಿದೆವು. ಮಂಗಳವಾರ ನಸುಕಿಗೆ ಅವರು ಗಿರಣಿಯ ಬಾಗಿಲಲ್ಲಿ ನಿಂತಿದ್ದರು.

ಈಗ ಆ ಮಾತಿಗೆ ಎರಡು ವರ್ಷ. ಇವರು ಇನ್ನೂ ಬದಲಿ ಆಳೇ. ಓಣಿಯಲ್ಲಿ ರೇವದಂಡೆಯ ಕಥೆ ಹೆಸರಾಗಿದೆ. ಪಕ್ಕದ ಮನೆಯ ಅಕ್ಕನಾಗಮ್ಮ ಬಂದವರಿಗೆಲ್ಲ ಅದನ್ನು ಇವರ ಬಾಯಿಂದಲೇ ಹೇಳಿಸುತ್ತಾಳೆ. ಮರಾಠಿಗೆ ನಕ್ಕರೆ ಸಿಟ್ಟಾಗುತ್ತಿದ್ದವರು ತಾವೇ ಎದ್ದು, ಕೆಸರಿನ ಮುಂದೆ ಕೋಟು ಹಾಕಿಕೊಂಡು ಹೇಗೆ ನಿಂತಿದ್ದೆ ಎಂದು ನಿಂತು ತೋರಿಸುತ್ತಾರೆ. ಕಾರಕೂನನ ಹಾಗೆ ತಲೆಯೆತ್ತದೆ ಮಾತಾಡುತ್ತಾರೆ. ಜನ ಹೊಟ್ಟೆ ಹಿಡಿದು ನಗುತ್ತಾರೆ. ನಾನು ಚಹಾ ಕೊಡುತ್ತ ಒಳಬಾಗಿಲಲ್ಲಿ ನಿಂತು ಕೇಳುತ್ತೇನೆ. ಬುಧವಾರ ಹೇಳುತ್ತಾರೆ, ಗುರುವಾರ ಹೇಳುತ್ತಾರೆ. ಇನ್ನು ಶುಕ್ರವಾರ ಎಂದು ನಾನು ಖಾಲಿ ಬಸಿಗಳನ್ನು ಒಂದರ ಮೇಲೊಂದು ಇಡುತ್ತೇನೆ.

“ಮರುದಿನ ಶನಿವಾರ,” ಎಂದು ಅವರು ಮುಂದುವರಿಸುತ್ತಾರೆ, “ನಮ್ಮಾಕಿ ಶಾಣ್ಯಾಕಿ, ಇಕಿನ ಗೊತ್ತ ಮಾಡಕೊಂಡು ಬಂದು ಹೇಳಿದಳು.”

ಗುರುವಾರದ ಮರುದಿನ ಶನಿವಾರ ಹೇಗಾಯಿತೆಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಅವರು ನನ್ನ ಕಡೆ ನೋಡುವುದೂ ಇಲ್ಲ.