ಮೀನಾಕ್ಷಿ ಮಾವನಿಗೆ ಹೇಳಿದ ಮಾತು

ಬಾಲರಾಜುವಿನ ಹೆಸರು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಆದರೆ ಮೀನಾಕ್ಷಿಯ ಕತೆ ಹೇಳಬೇಕೆಂದರೆ ಅವನನ್ನು ಬಿಡುವಂತಿಲ್ಲ. ಅವಳು ತುರುವನೂರು ಕಡೆಯ ಕುರಿಗಾಹಿಗಳ ಹಟ್ಟಿಯ ಹುಡುಗಿ. ಚಿತ್ರದುರ್ಗದ ನಮ್ಮ ಸಣ್ಣ ಕಚೇರಿಯಲ್ಲಿ ನನ್ನ ಪಕ್ಕದ ಮೇಜು ಅವಳದು. ಕುರಿ ಲಸಿಕೆಗೆ ದಿನ ಗೊತ್ತು ಮಾಡಿಕೊಳ್ಳುವ ವೆಬ್‌ಸೈಟ್ ನಡೆಸುವುದು ನಮ್ಮ ಕೆಲಸ. ಬಾಲರಾಜು ನಮ್ಮ ಮೇಲಿನವನು. ಕೆಲಸ ಕಲಿಸಿದವನೆಂದು ಮೀನಾಕ್ಷಿ ಅವನನ್ನು ಬಾಯ್ತುಂಬ ಅಣ್ಣ ಅನ್ನುತ್ತಿದ್ದಳು, ಮನೆಯಿಂದ ರೊಟ್ಟಿ ತಂದರೆ ಮೊದಲು ಅವನಿಗೆ ಕೊಡುತ್ತಿದ್ದಳು.

ದೂರು ಹೇಳಲು ಜನ ಫೋನ್ ಮಾಡಿದರೆ ಉತ್ತರ ಕೊಡುವುದಕ್ಕೆ ಬಾಲರಾಜು ಅವಳನ್ನೇ ಕೂರಿಸಿದ್ದ. ಒಂದು ದಿನ ಅವಳ ಸೋದರಮಾವ ಕಾಟಲಿಂಗಪ್ಪನೇ ಫೋನ್ ಮಾಡಿದ. ಅವರ ಹಟ್ಟಿಯಲ್ಲಿ ಲಸಿಕೆಗೆ ದಿನ ಬರೆಸುವಂಥ ಕೆಲಸವನ್ನು ಎಲ್ಲರ ಪರವಾಗಿ ಒಬ್ಬನೇ ಮಾಡುತ್ತಾನೆ, ಈ ಸಲ ಅದು ಕಾಟಲಿಂಗಪ್ಪನ ಪಾಲಿಗೆ ಬಂದಿತ್ತು. ಎಡವಟ್ಟಾದರೆ ನಷ್ಟದ ಹೊರೆ ಹೊರುವವನೂ ಆ ಒಬ್ಬನೇ.

“ಎಷ್ಟು ಸಲ ಒತ್ತಿದ್ರೂ ಆಮ್ಯಾಲೆ ಪ್ರಯತ್ನಿಸಿ ಅಂತೈತಲ್ಲವ್ವ,” ಅಂದ.

ಮೀನಾಕ್ಷಿ ಬಾಲರಾಜು ತಯಾರಿಸಿದ ವಾರದ ವರದಿ ನೋಡಿದಳು. ವೆಬ್‌ಸೈಟಿಗೆ ಬಂದು ವಿಫಲವಾದ ಕೋರಿಕೆಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

“ನಮ್ ಕಡೆ ಎಲ್ಲಾ ಸರಿ ಐತೆ ಮಾವ. ನೀವೇ ಎಲ್ಲೋ ತಪ್ಪು ಒತ್ತಿರ್ತೀರಿ ನೋಡ್ರಿ.”

“ಇರಬೌದು ಬಿಡವ್ವ,” ಅಂದು ಕಾಟಲಿಂಗಪ್ಪ ಫೋನ್ ಇಟ್ಟ.

ಹಟ್ಟಿಗೆ ಲಸಿಕೆ ಬರಲಿಲ್ಲ, ರೋಗ ಬಂತು. ಸುಮಾರು ಮನೆಗಳ ಕುರಿ ಸತ್ತವು. ಕಾಟಲಿಂಗಪ್ಪ ಹಟ್ಟಿಯವರೆಲ್ಲ ಸೇರುವ ಕಟ್ಟೆಯ ಮುಂದೆ ನಿಂತು, ಒತ್ತಲು ಬಾರದೆ ನಾನೇ ಕೆಡಿಸಿದೆ ಎಂದು ಒಪ್ಪಿಕೊಂಡು, ಕಳೆದುಕೊಂಡವರಿಗೆಲ್ಲ ತನ್ನ ಹಿಂಡಿನಿಂದಲೇ ಕುರಿ ಹಿಡಿದು ಕೊಟ್ಟನಂತೆ. ಇದನ್ನು ಮೀನಾಕ್ಷಿ ಕೇಳಿದ್ದು ಅವ್ವನ ಬಾಯಿಂದ.

ಮಾವ ಒತ್ತಿದ್ದರಲ್ಲಿ ತಪ್ಪೇನೆಂದು ನೋಡಲು ಅವಳು ವೆಬ್‌ಸೈಟ್ ನಡೆಸುವ ಸರ್ವರಿನ ಲಾಗ್, ಅಂದರೆ ಅದು ತಾನೇ ಬರೆದಿಡುವ ದಾಖಲೆ, ತೆರೆದಳು. ಬಂದ ಪ್ರತಿ ಕೋರಿಕೆಗೂ ಅಲ್ಲೊಂದು ಸಾಲು ಇರುತ್ತದೆ. ಸರಿಯಾಗಿ ನಡೆದರೆ ಅದರಲ್ಲಿ ಇನ್ನೂರು ಎಂಬ ಸಂಕೇತ, ಸರ್ವರ್ ಕೈಕೊಟ್ಟರೆ ಐನೂರು. ಎರಡನ್ನೂ ಬೇರೆ ಬೇರೆ ಎಣಿಸುವ ಕ್ವೆರಿ ಬರೆದು ಓಡಿಸಿದಳು. ಮಾವನ ಫೋನಿನಿಂದ ಬಂದವೆಲ್ಲ ಇನ್ನೂರೇ. ಹಾಗಾದರೆ ಲಸಿಕೆಯ ದಿನ ಯಾಕೆ ಸಿಗಲಿಲ್ಲ? ಉತ್ತರವಾಗಿ ಹೋದ ಪುಟದ ಗಾತ್ರವೂ ಆ ಸಾಲಿನಲ್ಲೇ ಇತ್ತು. ಮಾವನಿಗೆ ಹೋದವೆಲ್ಲ ಒಂದೇ ಅಳತೆಯ ಚಿಕ್ಕ ಪುಟಗಳು. ಅದು ‘ಆಮೇಲೆ ಪ್ರಯತ್ನಿಸಿ’ ಎನ್ನುವ ಪುಟದ ಅಳತೆ. ಸರ್ವರ್ ಸೋತಾಗಲೂ ಇನ್ನೂರು ಎಂದೇ ಬರೆಯುವಂತೆ ಯಾರೋ ತಿದ್ದಿದ್ದರು, ವಾರದ ವರದಿಯಲ್ಲಿ ಸೋಲು ಕಾಣದಿದ್ದದ್ದು ಅದಕ್ಕೇ. ತಿದ್ದಿದವನ ಹೆಸರು ನೋಡಿ ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಬಾಲರಾಜು.

ಕೇಳಿದರೆ ಆ ಪುಣ್ಯಾತ್ಮ ಚಹಾದ ಲೋಟ ಕೂಡ ಕೆಳಗಿಡಲಿಲ್ಲ.

“ಸೋತಿದ್ದು ಜಾಸ್ತಿ ಕಂಡ್ರೆ ವೆಬ್‌ಸೈಟ್ ನಡೆಸೋ ಗುತ್ತಿಗೆ ಬ್ಯಾರೆಯೋರ ಪಾಲಾಗ್ತೈತೆ. ಎಲ್ರೂ ಮಾಡೋದೇ ಇದು.”

“ಮತ್ತೆ ನನ್ನ ಕೈಲಿ ಯಾಕೆ ಸುಳ್ಳು ಹೇಳಿಸ್ದೆ ಅಣ್ಣ?”

“ನೀನು ಸುಳ್ಳು ಹೇಳ್ಲಿಲ್ಲಲ್ಲ, ನಂಬಿ ಹೇಳ್ದೆ. ಹಟ್ಟಿ ಹುಡುಗಿ ಹೇಳಿದ್ರೆ ಹಟ್ಟಿಯೋರು ಒಪ್ತಾರೆ. ನಿನ್ನನ್ನ ಫೋನ್ ಹತ್ರ ಕೂರ್ಸಿದ್ದೇ ಅದಕ್ಕೆ.”

ಇಷ್ಟು ದಿನ ಅವಳು ರೊಟ್ಟಿ ಬಡಿದು ತಂದದ್ದು ಇಂಥವನಿಗೆ. ಮೀನಾಕ್ಷಿ ಬ್ಯಾಗ್ ಎತ್ತಿಕೊಂಡು ಹೊರಟಳು. ಆ ಕೆಲಸಕ್ಕೆ ಅವಳು ಮತ್ತೆ ಬರಲಿಲ್ಲ.

ಆ ಭಾನುವಾರ ಅವಳ ಜೊತೆ ನಾನೂ ಹಟ್ಟಿಗೆ ಹೋದೆ. ಕಟ್ಟೆಯ ಮುಂದೆ ಎಲ್ಲರೂ ಸೇರಿದ್ದರು. ಮಾವನದು ಎಳ್ಳಷ್ಟೂ ತಪ್ಪಿಲ್ಲ, ಕೆಡಿಸಿದ್ದು ನಮ್ಮ ಕಚೇರಿ ಎಂದು ಅವಳು ಅಳುತ್ತಲೇ ಹೇಳಿದಳು. ಕೆಲವರು ಅವನು ಕೊಟ್ಟ ಕುರಿ ವಾಪಸ್ ಹೊಡೆದುಕೊಂಡು ಬರುತ್ತೇವೆ ಅಂದರು. ಕಾಟಲಿಂಗಪ್ಪ ಬೇಡ ಅಂದ. ಅವನಿಗೆ ಅವಳ ಮೇಲೆ ಸಿಟ್ಟೂ ಇರಲಿಲ್ಲ.

“ತಪ್ಪು ನಿಂದೇ ಅಂತ ಬ್ಯಾರೆ ಯಾರಾದ್ರೂ ಅಂದಿದ್ರೆ ನಾನು ಬಿಡ್ತಿರಲಿಲ್ಲ ಕಣವ್ವ,” ಅಂದ. “ದುರ್ಗಕ್ಕೇ ಬಂದು ಜಗಳಾಡಿ ಲಸಿಕೆ ದಿನ ಬರೆಸ್ತಿದ್ದೆ. ನೀನು ಹೇಳ್ದೆ ಅಂತ ಸುಮ್ಕಾದೆ.”