ಗಾಲಿಕುರ್ಚಿ ಬಾರದ ನೆಲ್ಸನ್

ನೆಲ್ಸನ್ ವಿಮಾನ ನಿಲ್ದಾಣದಲ್ಲಿ ಎಲ್ಲರ ಸೂಟ್‌ಕೇಸುಗಳೂ ಬಂದವು, ನನ್ನ ಮಗಳ ಗಾಲಿಕುರ್ಚಿ ಬರಲಿಲ್ಲ. ಚಿಕ್ಕ ವಿಮಾನ, ಜಾಗ ಸಾಲದೆ ವೆಲ್ಲಿಂಗ್ಟನ್‌ನಲ್ಲೇ ಉಳಿದಿದೆ ಎಂದು ಕೌಂಟರಿನ ಹುಡುಗಿ ಹೇಳಿದಳು. ಅಂದು ಶನಿವಾರ. ಸಂಜೆಗೆ ಬರಬಹುದು, ಇಲ್ಲವಾದರೆ ಸೋಮವಾರ.

ಅದು 2016ರ ಜನವರಿ, ಅಲ್ಲಿ ಬೇಸಿಗೆ. ನಾವಾಗ ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್‌ನಲ್ಲಿದ್ದೆವು. ಮಗಳಿಗೆ ಹನ್ನೊಂದು ವರ್ಷ. ಹುಟ್ಟಿದಾಗಿನಿಂದ ಅವಳ ಸ್ನಾಯುಗಳಲ್ಲಿ ಶಕ್ತಿಯಿಲ್ಲ, ಬೆನ್ನು ತಾನಾಗಿ ನಿಲ್ಲುವುದಿಲ್ಲ. ಕುರ್ಚಿಯನ್ನು ಅವಳ ಮೈಯ ಅಳತೆಗೇ, ಎರಡೂ ಪಕ್ಕೆಗೆ ಆಸರೆ ಇಟ್ಟು ಮಾಡಿಸಿದ್ದರು. ಬೇರೆ ಕುರ್ಚಿಯಲ್ಲಿ ಕೂರಿಸಿದರೆ ಒಂದು ಕಡೆ ವಾಲಿ, ಸ್ವಲ್ಪ ಹೊತ್ತಿಗೇ ಉಸಿರಿಗೆ ಒದ್ದಾಡುತ್ತಿದ್ದಳು. ಟಿವಿಯಲ್ಲಿ ಪ್ಯಾರಿಸ್, ರೋಮ್ ನೋಡಿ ಅಲ್ಲಿಗೆ ಹೋಗೋಣವೆಂದು ಹಟ ಹಿಡಿದಿದ್ದಳು. ಯುರೋಪಿನ ಊರುಗಳನ್ನು ಸುತ್ತುವ ಮೊದಲು ಇಲ್ಲೇ ಒಂದು ಊರಿಗೆ ಹೋಗಿ ನೋಡೋಣ, ವಿಮಾನ, ಹೋಟೆಲು, ಬಚ್ಚಲು ಎಲ್ಲ ಹೇಗಾಗುತ್ತದೋ ಗೊತ್ತಾಗುತ್ತದೆ ಎಂದು ನಾನೇ ಈ ಪ್ರವಾಸ ಹೂಡಿದ್ದೆ.

ಗಂಡ ಅವಳನ್ನು ಎತ್ತಿಕೊಂಡು ಟ್ಯಾಕ್ಸಿಗೆ ಹಾಕಿದರು, ಟ್ಯಾಕ್ಸಿಯಿಂದ ಮೋಟೆಲಿನ ಹಾಸಿಗೆಗೆ. ಸಂಜೆ ಕುರ್ಚಿ ಬರಲಿಲ್ಲ. ಭಾನುವಾರ ಫೋನ್ ಮಾಡಿದಷ್ಟೂ ಸಲ ರೆಕಾರ್ಡ್ ಮಾಡಿದ ದನಿ ಮಾತ್ರ ಉತ್ತರಿಸಿತು. ಮಗಳು ಚಾವಣಿ ನೋಡುತ್ತಾ ಮಲಗಿದ್ದಳು. ರಸ್ತೆಯಾಚೆ ಸಮುದ್ರ, ಕಿಟಕಿಯಿಂದ ಮಕ್ಕಳ ಕೇಕೆ.

“ಐ ಕೆನ್ ಹಿಯರ್ ದ ಸೀ, ಮಮ್ಮಿ. ಐ ಜಸ್ಟ್ ವಾಂಟ್ ಟು ಸೀ ಇಟ್,” ಎಂದಳು.

ಗಂಡ ಎದ್ದು ನಿಂತರು. “ನಡೀರಿ, ನಾ ಎತ್ಕೊಂಡ ಬರ್ತೀನಿ. ರಸ್ತೆ ದಾಟಿದ್ರ ಮುಗೀತು.”

“ಬ್ಯಾಡ್ರಿ. ನಿಮ್ಮ ಬೆನ್ನ ಮೊದಲ ಸರಿ ಇಲ್ಲ,” ಎಂದೆ. ಅಷ್ಟರಲ್ಲಿ ಅವರು ಎತ್ತಿಯಾಗಿತ್ತು.

ಇಳಿತಕ್ಕೆ ನೀರು ಬಹಳ ಹಿಂದೆ ಸರಿದಿತ್ತು. ನಡೆದೂ ನಡೆದೂ ಒದ್ದೆ ಮರಳಿನವರೆಗೆ ಹೋಗಿ ಟವೆಲ್ ಹಾಸಿ ಮಲಗಿಸಿದೆವು. ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಅವಳು ಸಮುದ್ರವನ್ನೇ ನೋಡಿದಳು. ಆಮೇಲೆ ಗಾಳಿ ಎದ್ದಿತು. ಜನ ಜಾಗ ಖಾಲಿ ಮಾಡತೊಡಗಿದರು. ನೀರು ಹತ್ತಿರ ಬಂದಿದ್ದು ಗಮನಕ್ಕೆ ಬಂದು, ಹೋಗೋಣ ಎಂದೆ.

ಗಂಡ ಅವಳ ಕೆಳಗೆ ಕೈ ಹಾಕಿ ಅರ್ಧ ಎತ್ತಿದವರು ಒಮ್ಮೆಲೇ ಕೂಗಿಕೊಂಡು ಮೊಣಕಾಲೂರಿದರು. ಅವಳು ಮರಳಿಗೆ ಜಾರಿದಳು.

“ರೀ, ಏನಾತ್ರಿ? ಏಳ್ರಿ!”

“ಆಗವಲ್ದು… ಏಳಾಕ ಬರವಲ್ದು ನನಗ.” ಅವರ ಮುಖ ಬಿಳುಚಿತ್ತು.

ನಾನು ಅವಳ ಕಂಕುಳಿಗೆ ಕೈ ಕೊಟ್ಟು ಎಳೆದೆ. ತಲೆ ಹಿಂದಕ್ಕೆ ಜೋತುಬಿತ್ತು. ಕುತ್ತಿಗೆಗೆ ಏನಾದರೂ ಆದೀತೆಂದು ಹೆದರಿ ಬಿಟ್ಟೆ. ಮತ್ತೆ ಪ್ರಯತ್ನಿಸಿದೆ. ತೆಳ್ಳನೆಯ ಅಲೆಯೊಂದು ಬಂದು ಅವಳ ಪಾದ ನೆನೆಸಿ ಹೋಯಿತು.

“ಆಸ್ಕ್ ಸಮ್‌ಒನ್, ಮಮ್ಮಿ. ಪ್ಲೀಸ್.”

ಕೇಳಬೇಕಾದರೆ ಅವಳನ್ನು ಅಲ್ಲೇ ಬಿಟ್ಟು ಹೋಗಬೇಕಿತ್ತು. ಬಿಟ್ಟು ಓಡಿದೆ. “ಯಾರರೆ ಬರ್ರೀ!” ಎಂದು ಕನ್ನಡದಲ್ಲೇ ಕಿರುಚುತ್ತಿದ್ದೆನೆಂಬುದು ನನಗೇ ಗೊತ್ತಿರಲಿಲ್ಲ. ದಂಡೆಯಲ್ಲಿ ಗಂಡ ಹೆಂಡತಿಯಿಬ್ಬರು ತಮ್ಮ ಹಿಂಬದಿ ತೆರೆದ ಯೂಟ್ ಗಾಡಿಗೆ ಪುಟ್ಟ ದೋಣಿ ಏರಿಸುತ್ತಿದ್ದರು. ನನ್ನ ಭಾಷೆ ತಿಳಿಯದಿದ್ದರೂ ನಾನು ಕೈ ತೋರಿಸಿದ ಕಡೆ ನೋಡಿದರು. ಆಕೆ ಗಾಡಿಯಿಂದ ದಪ್ಪನೆಯ ಕಂಬಳಿ ಎಳೆದುಕೊಂಡಳು. ಮೂವರೂ ಓಡಿದೆವು.

ಮಗಳನ್ನು ಹೊರಳಿಸಿ ಕಂಬಳಿಯ ಮೇಲೆ ತೆಗೆದುಕೊಂಡೆವು. ತಲೆಯ ಕಡೆಯ ಎರಡು ಮೂಲೆ ಆತ ಹಿಡಿದ, ಕಾಲಿನ ಕಡೆ ಆಕೆ ಮತ್ತು ನಾನು. ನಮ್ಮೂರಿನಲ್ಲಿ ಹೀಗೆ ಹೊರುವುದು ಒಂದೇ ಸಲ. ಆ ಯೋಚನೆ ಬಂದದ್ದೇ ಕಂಬಳಿಯ ಮೂಲೆಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಮಗಳು ಕಣ್ಣು ಮುಚ್ಚಿದ್ದಳು. “ಆರ್ ಪೀಪಲ್ ಲುಕಿಂಗ್?”

“ಯಾರೂ ಇಲ್ಲವ್ವಾ,” ಎಂದೆ. ದಂಡೆಯುದ್ದಕ್ಕೂ ಜನ ನಿಂತು ನೋಡುತ್ತಿದ್ದರು.

ಅವಳನ್ನು ಮೋಟೆಲಿನ ಕೋಣೆಗೆ ಮುಟ್ಟಿಸಿದ ಮೇಲೆ ಆತ ಹಿಂದಿರುಗಿ ನನ್ನ ಗಂಡನನ್ನೂ ಹೆಗಲು ಕೊಟ್ಟು ಕರೆತಂದ. ಒಂದು ಹಾಸಿಗೆಯಲ್ಲಿ ಅವರು, ಇನ್ನೊಂದರಲ್ಲಿ ಅವಳು. ಮಗಳಿಗೆ ಬಚ್ಚಲಿಗೆ ಹೋಗಬೇಕಾದಾಗ ಒಬ್ಬಳಿಂದ ಆಗದೆ ಮೋಟೆಲಿನ ಒಡತಿಯ ಬಾಗಿಲು ತಟ್ಟಿದೆ. ಆಕೆ ತಕ್ಷಣ ಬಂದಳು. ಅಪರಿಚಿತ ಹೆಂಗಸು ತನ್ನ ಬಟ್ಟೆ ಸರಿಸುತ್ತಿದ್ದಾಗ ಮಗಳು ಗೋಡೆಯತ್ತ ಮುಖ ತಿರುಗಿಸಿದಳು. ಅನಂತರ ನಾನು ಕೊಟ್ಟ ನೀರನ್ನು ಮುಟ್ಟಲಿಲ್ಲ. ಬಾಯಾರಿಕೆಯಿಲ್ಲ ಅಂದಳು. ಯಾಕೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು; ಕುಡಿದರೆ ಮತ್ತೆ ಬಚ್ಚಲಿಗೆ ಹೋಗಬೇಕಿತ್ತು. ಬೇಡಿಕೊಂಡೆ, ಗದರಿದೆ. ತುಟಿ ಬಿಗಿದು ಮಲಗಿದಳು.

ಸೋಮವಾರ ಮಧ್ಯಾಹ್ನ ಕುರ್ಚಿ ಬಂತು, ಒಂದು ಪಕ್ಕೆಯ ಆಸರೆ ಡೊಂಕಾಗಿ. ದಿಂಬು ತುರುಕಿ ಅವಳನ್ನು ಕೂರಿಸಿಕೊಂಡು ಲೋವರ್ ಹಟ್‌ಗೆ ಮರಳಿದೆವು.

ಗಂಡನ ಬೆನ್ನು ಸರಿಹೋಗಲಿಲ್ಲ. ಇನ್ನು ಭಾರ ಎತ್ತಕೂಡದು ಎಂದರು ಡಾಕ್ಟರು. ಚಳಿಗಾಲದ ಹೊತ್ತಿಗೆ ಅವಳ ಕೋಣೆಯ ಚಾವಣಿಗೆ ಎತ್ತುವ ಯಂತ್ರ ಕೂಡಿಸಿದರು. ಗುಂಡಿ ಒತ್ತಿದರೆ ಬಟ್ಟೆಯ ತೊಟ್ಟಿಲಲ್ಲಿ ಮೆಲ್ಲಗೆ ಮೇಲೇಳುತ್ತಾಳೆ. ಮೊದಲ ದಿನ ಗುಂಡಿ ಒತ್ತಿದ್ದು ಅವಳಪ್ಪನೇ. ಅವಳು ಮೇಲೇರುವಾಗ ಅವರ ಎಡಗೈ ತಾನಾಗಿ ಅವಳ ಬೆನ್ನ ಕೆಳಗೆ ಚಾಚಿಕೊಂಡಿತ್ತು. ಎತ್ತುವಂತಿರಲಿಲ್ಲ. ಹಾಗೇ ಚಾಚಿಕೊಂಡು ನಿಂತಿದ್ದರು.