ಬಾಗಿಲು ಹಾಕುವ ಮುಂಚೆ ಹೆಸರು ಕರೆಯುವುದು

ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ಎಲ್ಲರಿಗೂ ಹಸಿವಾಗುತ್ತದೆ, ನನಗೆ ಎದೆ ಡವಗುಟ್ಟುತ್ತದೆ. ಇಂದೂ ಹಾಗೆಯೇ ಆಯಿತು. ಕಿಟಕಿಗಳನ್ನೆಲ್ಲ ತೆರೆದು, ಮನೆಯವರ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆದೆ. "ಸಾರು ಮಾರಾಯ್ರೆ, ವಿಷ ಅಲ್ಲ," ಎಂದಳು ಹೆಂಡತಿ. ನೀವೂ ನಗಬೇಡಿ, ಈ ಕಾಯಿಲೆ ಹತ್ತಿದ್ದು ಹೇಗೆಂದು ಹೇಳುತ್ತೇನೆ.

ಹಿರಿಯಡ್ಕದ ಆಚೆ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಾನು ಗುಮಾಸ್ತನಾಗಿದ್ದೆ. ಬೀಜದ ಜೊತೆ ನಮ್ಮೂರಿನ ಹುಳುಗಳೂ ಪಾಸ್‌ಪೋರ್ಟ್ ಇಲ್ಲದೆ ವಿದೇಶಕ್ಕೆ ಹೋಗಬಾರದಲ್ಲ! ಅದಕ್ಕೆ ಕಂಟೇನರ್ ತುಂಬಿದ ಮೇಲೆ ಒಳಗೆ ಹುಳು ಕೊಲ್ಲುವ ಮಾತ್ರೆಗಳನ್ನಿಟ್ಟು ಬಾಗಿಲು ಬಿಗಿಯುತ್ತಾರೆ. ಅದರಿಂದ ನಿಧಾನವಾಗಿ ಏಳುವ ಅನಿಲಕ್ಕೆ ಬೆಳ್ಳುಳ್ಳಿಯ ವಾಸನೆ. ಹುಳುವೆಂದೂ ಮನುಷ್ಯನೆಂದೂ ಅದು ಭೇದ ಮಾಡುವುದಿಲ್ಲ.

ಆ ಕೆಲಸಕ್ಕೆ ಬರುತ್ತಿದ್ದವರು ಅಲೆವೂರಿನ ಸದಾನಂದಣ್ಣ. ಬಾಗಿಲು ಹಾಕುವ ಮುಂಚೆ ಲೋಡಿಂಗಿನವರ ಹೆಸರನ್ನೆಲ್ಲ ಕರೆಯುವರು. ಪ್ರತಿಯೊಬ್ಬರೂ ಹೊರಗಿನಿಂದ "ಓ" ಎನ್ನಬೇಕು. ಶಾಲೆಯ ಹಾಜರಿ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಒಂದು ಸಂಜೆ ಹಾಜರಿ ಮುಗಿದು, ಬಾಗಿಲು ಬಿಗಿದು, ಚಹಾ ಬಂತು. ಲೋಡಿಂಗಿನ ಫೆಲಿಕ್ಸ್ ಮಾತ್ರ ಕಾಣಲಿಲ್ಲ. ಫೋನ್ ಮಾಡಿದರೆ ಸಂಪರ್ಕಕ್ಕೆ ಸಿಗಲಿಲ್ಲ. ಅಷ್ಟರಲ್ಲಿ ಕಂಟೇನರಿನ ಒಳಗಿನಿಂದ ಇಗರ್ಜಿಯ ಗಂಟೆ ಕೇಳಿಸಿತು. ಪ್ರಾರ್ಥನೆಯ ಹೊತ್ತಿಗೆಂದು ಅವನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದ ಅಲಾರಂ ಅದು.

"ಅವ 'ಓ' ಹೇಳಿದ್ದಾನೆ ಅಲ್ವಾ?" ಸದಾನಂದಣ್ಣ ಕೇಳಿದರು. ಹೇಳಿದ್ದ ಅನಿಸಿತು. ಬೇರೆ ಯಾರೋ ತಮಾಷೆಗೆ ಹೇಳಿರಲೂಬಹುದು ಅನಿಸಿತು. ಅವರು ಅನಿಲ ತಡೆಯುವ ಮುಖವಾಡ ಏರಿಸಿ, ಬಾಗಿಲು ತೆರೆದು, ಪೆಟ್ಟಿಗೆಗಳನ್ನು ಸರಿಸುತ್ತ ಒಳಗೆ ನುಗ್ಗಿದರು.

ಆಗ ಗೇಟಿನ ಕಡೆಯಿಂದ ಫೆಲಿಕ್ಸ್ ಬಂದ, ಕೈಯಲ್ಲಿ ಎಲ್ಲರಿಗೂ ಬಿಸಿ ಗೋಳಿಬಜೆಯ ಪೊಟ್ಟಣ. "ಎಂತ ಆಯ್ತು? ನನ್ನ ಮೊಬೈಲ್ ಎಲ್ಲಿಯಾದರೂ ಉಂಟಾ?"

ಈಗ ಒಳಗಿದ್ದವರು ಸದಾನಂದಣ್ಣ, ಅಲ್ಲಿ ಇಲ್ಲದವನನ್ನು ಹುಡುಕುತ್ತ. ಕೂಗಿದೆವು. ಉತ್ತರವಿಲ್ಲ. ಎಲ್ಲರ ಹೆಸರು ಕರೆಯುವ ಅವರ ಹೆಸರನ್ನು ನಾವು ಯಾರೂ ಒಮ್ಮೆಯೂ ಕರೆದವರಲ್ಲ ಎಂಬುದು ಆಗ ಹೊಳೆಯಿತು. ಫೆಲಿಕ್ಸ್ ಪೊಟ್ಟಣ ಬಿಸಾಡಿ ಬಾಗಿಲಿಗೆ ಓಡಿದ. "ಸದಾನಂದಣ್ಣಾ! ನಾನು ಹೊರಗಿದ್ದೇನೆ! ಬನ್ನಿ!" ಕಬ್ಬಿಣ ಬಡಿದು ಬಡಿದು ಕೂಗಿದ.

ಕೊನೆಗೆ ಅವರು ಪೆಟ್ಟಿಗೆಗಳ ನಡುವೆ ಬಿದ್ದಿದ್ದ ಮೊಬೈಲ್ ಹಿಡಿದು ಹೊರಬಂದರು. ಫೆಲಿಕ್ಸನನ್ನು ಕಂಡು ಮುಖವಾಡ ಕಳಚಿ, ನೆಲದ ಮೇಲೆ ಕುಳಿತು ಅತ್ತುಬಿಟ್ಟರು. "ಹೊರಗೇ ಇದ್ದೀಯಲ್ಲ ಮಾರಾಯ..."

ಇವತ್ತು ನನ್ನ ಹಾಜರಿಗೆ ಎಲ್ಲರೂ ಓಗೊಟ್ಟರು. ಆಮೇಲೆ ಮಗಳು ನನ್ನ ಪಕ್ಕದಲ್ಲೇ ನಿಂತು, "ಅಪ್ಪಾ!" ಎಂದು ಕರೆದಳು.

"ಇಲ್ಲೇ ಇದ್ದೇನಲ್ಲ, ಎಂತ?"

"ಮೊದಲು 'ಓ' ಹೇಳಿ."

"ಓ" ಎಂದೆ. ಆಮೇಲೆ ಕಿಟಕಿ ಮುಚ್ಚಿ ಊಟಕ್ಕೆ ಕುಳಿತೆ.